ಕಾಲಿಗೆ ನೀರು

ನಮ್ಮ ಕರಾವಳಿಯಲ್ಲಿ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ಹೇಳುತ್ತಾರೆ. ಎತ್ತರದಲ್ಲಿರುವ ಬೆಟ್ಟು ಗದ್ದೆ ಮಳೆಯನ್ನೇ ನಂಬಿಕೊಂಡು ಒಂದು ಬೆಳೆ ಕೊಡುತ್ತದೆ. ನಡುವಿನ ಮಜಲು ಎರಡು ಬೆಳೆ ಕೊಡುತ್ತದೆ. ತೀರ ತಗ್ಗಿನಲ್ಲಿರುವ ಬೈಲು ಗದ್ದೆಯಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದ ಕಾಲವಿತ್ತು. ಮೇಲಿನ ನೀರೆಲ್ಲ ಹರಿದು ಬಂದು ಅಲ್ಲಿ ನಿಲ್ಲುವುದೇ ಅದಕ್ಕೆ ಕಾರಣ. ಹಾಗಾಗಿ 'ತಗ್ಗು' ಎಂಬ ಮಾತು ಬೇಸಾಯ ಮಾಡುವವರ ಬಾಯಲ್ಲಿ ಹೆಮ್ಮೆಯ ಮಾತು. ಅದೇ ಮಾತು ಅಂಗಳ ದಾಟಿ ಮನೆಯೊಳಗೆ ಬಂದು ಹೆಣ್ಣುಮಕ್ಕಳ ಕಿವಿಗೆ ಬೀಳುವಾಗ ಮಾತ್ರ ಅದರ ಬಣ್ಣ ಬದಲಾಗುತ್ತದೆ. ತಗ್ಗಿ ಬಗ್ಗಿ ನಡೆ, ಸ್ವರ ತಗ್ಗಿಸು, ತಲೆ ತಗ್ಗಿಸಿಕೊಂಡು ಹೋಗು. ಇದನ್ನು ಕೇಳದೆ ಬೆಳೆದ ಹೆಂಗಸರು ನನ್ನ ವಯಸ್ಸಿನವರಲ್ಲಿ ಯಾರೂ ಇರಲಾರರು. ಹೀಗೆ ತಗ್ಗಿ ನಡೆದವರ ಪಾಡು ಏನಾಗುತ್ತದೆ ಎಂಬುದು ನಮ್ಮ ಹಿರಿಯರಿಗೆ ತಿಳಿಯದ್ದೇನಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನೂ ಮಾಡಿಟ್ಟವರು ಅವರೇ.

ಕ್ರೈಸ್ತರಾದ ನಮಗೆ ಈ ಮಾತಿನ ತೊಡಕು ಇನ್ನೂ ಸ್ವಲ್ಪ ಹೆಚ್ಚು. 'ತನ್ನನ್ನು ತಗ್ಗಿಸಿಕೊಳ್ಳುವುದು' ನಮ್ಮ ಧರ್ಮದ ನಡುಮನೆಯಲ್ಲಿರುವ ಮಾತು. ತಪಸ್ಸಿನ ಕಾಲದ ನಲವತ್ತು ದಿನ ಇಗರ್ಜಿಯ ಪ್ರಸಂಗಗಳಲ್ಲಿ ಅದನ್ನು ಕೇಳುತ್ತೇವೆ. ಪ್ರಾರ್ಥನಾ ಕೂಟಗಳಲ್ಲಿ ಹೆಂಗಸರು ಕಣ್ಣು ಮುಚ್ಚಿಕೊಂಡು, ದೇವರೇ, ನಾನು ಏನೂ ಅಲ್ಲ, ನಾನು ಧೂಳು, ನಾನು ಯಾವುದಕ್ಕೂ ಯೋಗ್ಯಳಲ್ಲ ಎಂದು ಹೇಳಿಕೊಳ್ಳುತ್ತಾರೆ. ಹೇಳುವವರ ಭಕ್ತಿಯ ಮೇಲೆ ನನಗೆ ಸಂಶಯವಿಲ್ಲ. ಆದರೆ ಮಕ್ಕಳಿಗೆ ಮೂವತ್ತು ವರ್ಷ ವ್ಯಾಕರಣ ಕಲಿಸಿದ ನನ್ನಂಥವಳಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. 'ನಾನು ಏನೂ ಅಲ್ಲ' ಎಂಬ ವಾಕ್ಯದಲ್ಲಿ ಆ 'ನಾನು' ಯಾರು? ನಿಜವಾಗಿ ಏನೂ ಅಲ್ಲದವಳು ತಗ್ಗುವುದು ಹೇಗೆ? ತಗ್ಗಬೇಕಾದರೆ ಮೊದಲು ನಿಲ್ಲಲು ಒಂದು ನೆಲೆ ಬೇಡವೆ?

ಇನ್ನೊಂದು ವಿಚಿತ್ರವೂ ಉಂಟು. ಇಗರ್ಜಿಯೊಳಗೆ 'ನಾನು ಏನೂ ಅಲ್ಲ' ಎಂದ ನಾವೇ ಹೊರಗೆ ಬಂದು ಚಪ್ಪಲಿ ಹಾಕುವಷ್ಟರಲ್ಲಿ ಏನೇನೋ ಆಗಿಬಿಡುತ್ತೇವೆ. ಮದುವೆಯ ಮುಂಚಿನ ರೋಸಿನ ದಿನ ಹೊಸಬರೊಬ್ಬರು ಸಿಕ್ಕಿದರೆ ಮೊದಲ ಪ್ರಶ್ನೆ ಯಾವ ಇಗರ್ಜಿಯವರು, ಎರಡನೆಯದು ಯಾರ ಮನೆಯವರು. ಮೂರನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಅಡ್ಡಹೆಸರಿನಿಂದಲೂ ಮನೆತನದಿಂದಲೂ ಊಹಿಸಿಕೊಳ್ಳುತ್ತೇವೆ. ನಾಲ್ಕು ಶತಮಾನಗಳ ಹಿಂದೆ ಗೋವೆಯಿಂದ ಬರುವಾಗ ನಮ್ಮ ಪೂರ್ವಜರು ಶಿಲುಬೆಯ ಜತೆಗೆ ಜಾತಿಯ ನೆನಪನ್ನೂ ಹೊತ್ತುಕೊಂಡೇ ಬಂದರು. ಈಗಲೂ ಮದುವೆಯ ಮಾತು ಬಂದಾಗ ಅದು ಮೂಟೆಯೊಳಗಿಂದ ಮೆಲ್ಲನೆ ತಲೆ ಎತ್ತುತ್ತದೆ. ಎರಡು ಅಂತಸ್ತಿನ ಮನೆ ಕಟ್ಟಿಸಿದವರು ನಮ್ಮ ಗುಡಿಸಲಿಗೂ ಒಮ್ಮೆ ಬನ್ನಿ ಎಂದು ಕರೆಯುತ್ತಾರೆ. ಇಂಥ ವಿನಯ ಯಾರಿಗೂ ಕೆಡುಕು ಮಾಡುವುದಿಲ್ಲ, ನಕ್ಕು ಸುಮ್ಮನಾಗಬಹುದು. ಆದರೆ ಇದರಿಂದ ಒಂದು ಸಂಗತಿ ತಿಳಿಯುತ್ತದೆ. ಬಾಯಲ್ಲಿ ತಗ್ಗುವುದು ಸುಲಭ. ತಾನು ಯಾರು ಎಂಬುದಕ್ಕೆ ಹಿಡಿದುಕೊಂಡ ಊರುಗೋಲನ್ನು ಬಿಡುವುದು ಕಷ್ಟ.

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನಾನು ಪುನಃ ಪುನಃ ಬಂದು ನಿಲ್ಲುವುದು ಸಂತ ಯೊವಾನ್ನರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ. ಕ್ರೈಸ್ತರಲ್ಲದ ಓದುಗ ಗೆಳತಿಯರಿಗಾಗಿ ಅದರ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಯೇಸು ಸೆರೆಯಾದ ರಾತ್ರಿಯ ಊಟ. ಮರುದಿನ ಶಿಲುಬೆ. ಊಟದ ನಡುವೆ ಆತ ಏಳುತ್ತಾನೆ, ಮೇಲುವಸ್ತ್ರವನ್ನು ತೆಗೆದಿಟ್ಟು ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಳ್ಳುತ್ತಾನೆ, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲುಗಳನ್ನು ಒಬ್ಬೊಬ್ಬರದಾಗಿ ತೊಳೆದು ಒರೆಸುತ್ತಾನೆ. ಧೂಳಿನ ದಾರಿಯಲ್ಲಿ ತೆರೆದ ಪಾದರಕ್ಷೆ ಹಾಕಿ ನಡೆಯುತ್ತಿದ್ದ ಕಾಲ ಅದು. ಮನೆಗೆ ಬಂದವರ ಕಾಲು ತೊಳೆಯುವುದು ಆಳುಗಳ ಕೆಲಸ, ಅವರಲ್ಲಿಯೂ ತೀರ ಕೆಳಗಿನವರ ಕೆಲಸ. ಯೆಹೂದಿ ಗುರುಗಳ ಹಳೆಯ ವ್ಯಾಖ್ಯಾನವೊಂದು, ಜೀತಕ್ಕಿರುವವನು ಸ್ವಂತ ಜನಾಂಗದವನಾದರೆ ಅವನಿಂದ ಈ ಕೆಲಸ ಮಾಡಿಸಬಾರದು ಎನ್ನುತ್ತದೆ. ಅಷ್ಟು ಹೀನವೆಂದು ಎಣಿಸಿದ ಕೆಲಸ ಅದು.

ಈ ಕತೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಕತೆ ಶುರುವಾಗುವ ಮೊದಲು ಯೊವಾನ್ನರು ಸೇರಿಸಿದ ಒಂದು ಮಾತನ್ನು ಪ್ರಸಂಗಗಳಲ್ಲಿ ಅವಸರದಿಂದ ದಾಟಿಬಿಡುವುದುಂಟು. ಯೇಸುವಿಗೆ ಆ ಗಳಿಗೆಯಲ್ಲಿ ಏನು ತಿಳಿದಿತ್ತು ಎಂಬುದನ್ನು ಅವರು ಮೊದಲು ಹೇಳುತ್ತಾರೆ. ತಂದೆ ಎಲ್ಲವನ್ನೂ ತನ್ನ ಕೈಗೆ ಒಪ್ಪಿಸಿದ್ದಾನೆ, ತಾನು ಬಂದದ್ದು ದೇವರ ಬಳಿಯಿಂದ, ಹೋಗುವುದೂ ಅಲ್ಲಿಗೇ ಎಂಬುದು ಆತನಿಗೆ ಗೊತ್ತಿತ್ತು. ಅದಾದ ಮೇಲೆ ಆತ ಎದ್ದದ್ದು, ಬೋಗುಣಿಯನ್ನು ಎತ್ತಿಕೊಂಡದ್ದು. ತಾನು ಯಾರೆಂದು ಮರೆತು ಬಗ್ಗಿದವನಲ್ಲ ಆತ. ಚೆನ್ನಾಗಿ ಗೊತ್ತಿದ್ದುದರಿಂದಲೇ ಆಳಿನ ಕೆಲಸಕ್ಕೆ ಕೈಹಾಕಲು ಆತನಿಗೆ ಅಳುಕಾಗಲಿಲ್ಲ. ಯಾರಾದರೂ ತನ್ನನ್ನು ಆಳು ಎಂದುಕೊಂಡಾರು ಎಂಬ ಹೆದರಿಕೆ ಇರುವುದು ತನ್ನ ನೆಲೆಯ ಬಗ್ಗೆ ಗಟ್ಟಿ ಇಲ್ಲದವರಿಗೆ.

ಕಾಲು ತೊಳೆದಾದ ಮೇಲಿನ ಮಾತೂ ಅಷ್ಟೇ ಮುಖ್ಯ. ಆತ ಮೇಲುವಸ್ತ್ರವನ್ನು ಪುನಃ ಧರಿಸಿ ತನ್ನ ಜಾಗದಲ್ಲಿ ಕುಳಿತುಕೊಳ್ಳುತ್ತಾನೆ. ಶಿಷ್ಯರು ತನ್ನನ್ನು ಗುರು ಎಂದೂ ಪ್ರಭು ಎಂದೂ ಕರೆಯುವುದು ಸರಿಯೇ ಎಂದು ಒಪ್ಪಿಕೊಳ್ಳುತ್ತಾನೆ. ಅಯ್ಯೋ, ನಾನೆಂಥ ಗುರು ಎಂಬ ಸಂಕೋಚದ ಮಾತು ಅಲ್ಲಿಲ್ಲ. ಗುರುವಾದವನೇ ಇದನ್ನು ಮಾಡಿದ ಮೇಲೆ ನೀವೂ ಒಬ್ಬರಿಗೊಬ್ಬರು ಮಾಡಬೇಕು ಎಂಬುದೇ ಪಾಠ. ಗುರುಪದವಿಯನ್ನು ಆತ ಬಿಟ್ಟುಕೊಟ್ಟಿದ್ದರೆ ಆ ಪಾಠಕ್ಕೆ ತೂಕವೇ ಇರುತ್ತಿರಲಿಲ್ಲ.

ಅಂದು ಬೋಗುಣಿಯ ಮುಂದೆ ಹೆಚ್ಚು ಒದ್ದಾಡಿದವನು ಪೇತ್ರ. ನೀವು ನನ್ನ ಕಾಲು ತೊಳೆಯುವುದೆಂದರೇನು, ಎಂದಿಗೂ ಆಗದು ಎಂದು ಹಟ ಹಿಡಿದ. ನೋಡಿದರೆ ಇದೇ ದೊಡ್ಡ ವಿನಯ ಎನಿಸಬೇಕು. ಯೇಸು ಅದನ್ನು ವಿನಯವೆಂದು ಒಪ್ಪಲಿಲ್ಲ. ತೊಳೆಸಿಕೊಳ್ಳದಿದ್ದರೆ ತನ್ನೊಂದಿಗೆ ನಿನಗೆ ಪಾಲೇ ಇಲ್ಲ ಎಂಬಷ್ಟು ಖಂಡಿತವಾಗಿ ಹೇಳಿದ. ಕೊಡುವವನು ಮಾತ್ರ ತಗ್ಗಬೇಕು ಎಂದುಕೊಂಡಿರುವ ನಮಗೆ ಇದು ಹೊಸ ಪಾಠ. ತೆಗೆದುಕೊಳ್ಳುವುದಕ್ಕೂ ತಗ್ಗಬೇಕು, ಅದು ಇನ್ನೂ ಕಷ್ಟ. ಈ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಪುಸ್ತಕದಿಂದಲ್ಲ, ನಮ್ಮ ಇಗರ್ಜಿಯಲ್ಲಿ ನಡೆದ ಒಂದು ಚಿಕ್ಕ ಪ್ರಸಂಗದಿಂದ. ಅದನ್ನು ಹೇಳುವ ಮುಂಚೆ ಆ ವಿಧಿಯ ಬಗ್ಗೆ ಎರಡು ಮಾತು.

ಈಸ್ಟರಿನ ಮುಂಚಿನ ಪವಿತ್ರ ಗುರುವಾರ ನಮ್ಮ ಇಗರ್ಜಿಗಳಲ್ಲಿ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. 1955ರಲ್ಲಿ ಹನ್ನೆರಡನೆಯ ಪೋಪ್ ಪಿಯುಸ್ ಪವಿತ್ರ ವಾರದ ವಿಧಿಗಳನ್ನು ತಿದ್ದಿದಾಗ, ಈ ವಿಧಿಯನ್ನು ಸಂಜೆಯ ಬಲಿಪೂಜೆಯೊಳಗೆ ನಡೆಸಲು ಅವಕಾಶವಾಯಿತು. ಆದರೆ ಕೂರಬೇಕಾದವರು ಗಂಡಸರೇ ಎಂದು ನಿಯಮವಿತ್ತು. ಹೀಗಾಗಿ ಅರುವತ್ತು ವರ್ಷ ಬೋಗುಣಿಯನ್ನು ತೊಳೆದಿಟ್ಟವರು, ಟವೆಲಿಗೆ ಇಸ್ತ್ರಿ ಹಾಕಿದವರು, ನೀರು ಬಿಸಿ ಮಾಡಿದವರು ಹೆಂಗಸರು. ಕಾಲು ಚಾಚಿ ಕುಳಿತವರು ಗಂಡಸರು. 2013ರ ಮಾರ್ಚಿಯಲ್ಲಿ ಪೋಪ್ ಫ್ರಾನ್ಸಿಸ್ ಆಯ್ಕೆಯಾಗಿ ಹದಿನೈದೇ ದಿನವಾಗಿತ್ತು. ಆ ಪವಿತ್ರ ಗುರುವಾರ ಅವರು ರೋಮಿನ ಕಸಾಲ್ ದೆಲ್ ಮಾರ್ಮೊ ಎಂಬಲ್ಲಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ನಿಯಮ ಬಲ್ಲವರು ಹುಬ್ಬೇರಿಸಿದರು. 2016ರ ಜನವರಿಯಲ್ಲಿ ಆ ನಿಯಮವೇ ಬದಲಾಯಿತು. ದೇವಪ್ರಜೆಗಳಲ್ಲಿ ಯಾರನ್ನಾದರೂ, ಹೆಂಗಸರನ್ನೂ ಆರಿಸಬಹುದು ಎಂದಾಯಿತು.

ನಮ್ಮ ಧರ್ಮಕೇಂದ್ರದಲ್ಲಿ ಹೆಂಗಸರನ್ನು ಕೂರಿಸಿದ್ದು 2017ರಲ್ಲಿ. ಆರು ಮಂದಿ ಹೆಂಗಸರನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಥ ಗೌರವ ಸಿಕ್ಕಿದರೆ ಯಾರು ಬೇಡವೆಂದಾರು ಎಂದುಕೊಳ್ಳುವವರಿಗೆ ನಮ್ಮ ಹೆಂಗಸರ ಪರಿಚಯವಿಲ್ಲ. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಗಂಡ ಏನು ಹೇಳುವರೋ ಎಂಬ ಅಂಜಿಕೆ. ನಮ್ಮ ವಾರ್ಡಿನಲ್ಲಿ ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸಿದ ಪ್ರಾಯದ ಹೆಂಗಸೊಬ್ಬರು ಇದ್ದರು. ಅವರ ಮನೆಗೆ ಹೋಗಿ ಕೇಳಿದಾಗ ಅವರು ಮೊರವನ್ನು ಬದಿಗಿಟ್ಟು ತಟ್ಟನೆ ಕಾಲುಗಳನ್ನು ಸೀರೆಯ ನೆರಿಗೆಯೊಳಗೆ ಎಳೆದುಕೊಂಡರು.

"ನನ್ನ ಕಾಲೇ ಟೀಚರ್? ನೋಡಿ, ಹಿಮ್ಮಡಿಯೆಲ್ಲ ಒಡೆದು ಗದ್ದೆ ಬಿರಿದ ಹಾಗೆ ಆಗಿದೆ. ಇದನ್ನು ಫಾದರ್ ಮುಟ್ಟುವುದೇ? ಬೇಡ ಬೇಡ. ನಾನು ಬೇಕಾದರೆ ಹಿಂದಿನ ದಿನ ಇಗರ್ಜಿ ಗುಡಿಸಿ ಒರೆಸಿ ಕೊಡುತ್ತೇನೆ."

ಕೊಂಕಣಿಯಲ್ಲಿ ಅವರು ಆಡಿದ ಈ ಮಾತು ಎರಡು ಸಾವಿರ ವರ್ಷದ ಹಿಂದಿನ ಪೇತ್ರನ ಮಾತೇ ಅಲ್ಲವೆ ಎನಿಸಿತು. ಒಂದು ವ್ಯತ್ಯಾಸವುಂಟು. ಪೇತ್ರನಿಗೆ ಗುರುವಿನ ಮರ್ಯಾದೆಯ ಚಿಂತೆ, ಇವರಿಗೆ ತಮ್ಮ ಕಾಲಿನ ನಾಚಿಕೆ. ಗುಡಿಸುವುದು ಒರೆಸುವುದು ಎಂದರೆ ಅವರಿಗೆ ಯಾವ ಸಂಕೋಚವೂ ಇಲ್ಲ. ಅದು ಅಭ್ಯಾಸವಾದ ತಗ್ಗು. ಕುರ್ಚಿಯಲ್ಲಿ ಕುಳಿತು ಇನ್ನೊಬ್ಬರು ತಮ್ಮ ಮುಂದೆ ಮೊಣಕಾಲೂರುವುದನ್ನು ನೋಡುವುದು ಮಾತ್ರ ಅವರಿಂದಾಗದು. ಮೂರು ಸಲ ಹೋಗಿ ಬಂದ ಮೇಲೆ ಒಪ್ಪಿದರು. ಆ ಸಂಜೆ ಗಂಡಸರೆಲ್ಲ ತಮ್ಮ ಕಾಲನ್ನೂ ಬೀಳುವ ನೀರನ್ನೂ ನೋಡುತ್ತಿದ್ದರೆ ಇವರು ತಲೆ ಎತ್ತಿ ಪೀಠದ ಕಡೆ ನೇರವಾಗಿ ನೋಡುತ್ತ ಕುಳಿತಿದ್ದರು. ಪೂಜೆ ಮುಗಿದು ಹೊರಗೆ ಬಂದಾಗ ಹೇಗಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮನೆಗೆ ಬಂದವರಿಗೆಲ್ಲ ಕಾಲಿಗೆ ನೀರು ಕೊಟ್ಟೇ ಬಂದವಳು ನಾನು ಟೀಚರ್. ನನ್ನ ಕಾಲಿಗೆ ಇನ್ನೊಬ್ಬರು ನೀರು ಹಾಕಿದ್ದು ಇವತ್ತೇ."

ನಮ್ಮ ಕಡೆ ಬಿಸಿಲಲ್ಲಿ ನಡೆದು ಬಂದ ನೆಂಟರಿಗೆ ಚೆಂಬಿನಲ್ಲಿ ಕಾಲಿಗೆ ನೀರು, ಬಾಯಿಗೆ ಬೆಲ್ಲ ನೀರು ಕೊಡುವುದು ಹಳೆಯ ಪದ್ಧತಿ. ಜಾತಿ ಧರ್ಮದ ಭೇದವಿಲ್ಲದೆ ಎಲ್ಲ ಮನೆಗಳಲ್ಲೂ ಇತ್ತು. ಚೆಂಬು ಹಿಡಿದು ನಿಲ್ಲುವವಳು ಯಾವಾಗಲೂ ಮನೆಯ ಹೆಂಗಸು. ಅವಳೇ ನೆಂಟಳಾಗಿ ಹೋಗುವ ಮನೆ ಯಾವುದು? ತವರಿಗೆ ಹೋದರೂ ಸೀದಾ ಹಿಂದಿನ ಬಾಗಿಲಿನಿಂದ ಅಡಿಗೆಮನೆಗೆ ಹೋಗಿ ಸೆರಗು ಸಿಕ್ಕಿಸಿಕೊಳ್ಳುತ್ತಾಳೆ. ದೇವರ ಮನೆಯಲ್ಲಾದರೂ ತಾನು ಕರೆಸಿಕೊಂಡು ಬಂದವಳು ಎಂಬ ಅರಿವು ಅವಳಿಗೆ ಆಗಬೇಕು. ವಿಶ್ವಾಸಿ ಎಂದರೆ ಮೊದಲು ಅದೇ. ನಾವು ದೇವರಿಗೆ ಮಾಡುವ ಸೇವೆಗಿಂತ ಮೊದಲು ಆತ ನಮ್ಮ ಕಾಲಿಗೆ ನೀರು ಹಾಕಿದ್ದಾನೆ. ಜ್ಞಾನಸ್ನಾನದ ನೀರಿನ ಅರ್ಥವೂ ಇದೇ ಎಂದು ನಾನು ತಿಳಿದುಕೊಂಡಿದ್ದೇನೆ. ಎಸ್ಟೇಟಿನವರ ಮಗುವಿಗೂ ಕೂಲಿಯವರ ಮಗುವಿಗೂ ಅದೇ ಕಲ್ಲಿನ ತೊಟ್ಟಿಯ ನೀರು, ಅದೇ ಎಣ್ಣೆ, ಅದೇ ಬಿಳಿ ಬಟ್ಟೆ. ಅಲ್ಲಿ ಮಗುವಿನ ಹೆಸರನ್ನಷ್ಟೇ ಕರೆಯುತ್ತಾರೆ, ಅಡ್ಡಹೆಸರನ್ನು ಕರೆಯುವುದಿಲ್ಲ. ದೇವರ ಮಗು ಎಂಬುದು ಆ ದಿನ ಸಿಕ್ಕಿದ ಗುರುತು. ಉಳಿದ ಗುರುತುಗಳೆಲ್ಲ ಆಮೇಲೆ ಒಂದರ ಮೇಲೊಂದು ಹೊದೆಸಿದವು.

ಈ ಗುರುತು ಗಟ್ಟಿಯಾಗಿರದೆ ತಗ್ಗುವುದನ್ನು ಮಾತ್ರ ಕಲಿಸಿದರೆ ಏನಾಗುತ್ತದೆ ಎಂಬುದನ್ನೂ ನಾನು ಕಂಡಿದ್ದೇನೆ. ನನ್ನ ಪರಿಚಯದ ತರುಣಿಯೊಬ್ಬಳು, ಹಿಂದೆ ನನ್ನ ತರಗತಿಯಲ್ಲಿ ಓದಿದವಳು. ಮದುವೆಯಾದ ಎರಡನೆಯ ವರ್ಷದಿಂದ ಗಂಡನ ಕುಡಿತ, ಹೊಡೆತ. ಅವಳು ಯಾರ ಬಳಿ ಹೇಳಿಕೊಂಡಳೋ ಅವರೆಲ್ಲ ಒಂದೇ ಔಷಧಿ ಕೊಟ್ಟರು: ತಗ್ಗಿಸಿಕೋ ಮಗಳೇ, ಯೇಸು ಎಷ್ಟು ಸಹಿಸಿದ, ಇದು ನಿನ್ನ ಶಿಲುಬೆ. ಅತ್ತೆಯದೂ ಅದೇ ಮಾತು. ಒಂದು ಸಂಜೆ ಮನೆಗೆ ಬಂದು ಎದುರು ಕುಳಿತವಳು ಅಳಲೂ ಇಲ್ಲ. "ಟೀಚರ್, ನಾನು ಇನ್ನೂ ಎಷ್ಟು ತಗ್ಗಬೇಕು, ಹೇಳಿ" ಎಂದಳು.

ನಾನು ಉಪದೇಶ ಮಾಡಲು ಹೋಗಲಿಲ್ಲ. ಯೊವಾನ್ನರ ಅದೇ ಶುಭಸಂದೇಶವನ್ನು ತೆಗೆದು ಹದಿನೆಂಟನೆಯ ಅಧ್ಯಾಯವನ್ನು ಅವಳಿಂದಲೇ ಓದಿಸಿದೆ. ಕಾಲು ತೊಳೆದ ರಾತ್ರಿಯೇ ನಡೆದ ಘಟನೆ ಅದು. ಯೇಸುವನ್ನು ಕಟ್ಟಿ ಯಾಜಕನ ಮುಂದೆ ತಂದು ನಿಲ್ಲಿಸಿದ್ದಾರೆ. ಆತ ಕೊಟ್ಟ ಉತ್ತರ ಹಿಡಿಸದೆ ಪಕ್ಕದಲ್ಲಿದ್ದ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆಯುತ್ತಾನೆ. ಕೆಲವೇ ಗಂಟೆಗಳ ಹಿಂದೆ ಹನ್ನೆರಡು ಮಂದಿಯ ಮುಂದೆ ಮೊಣಕಾಲೂರಿದವನು ಇಲ್ಲಿ ತಲೆ ತಗ್ಗಿಸುವುದಿಲ್ಲ. ತಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ತಪ್ಪಿಲ್ಲವಾದರೆ ಯಾಕೆ ಹೊಡೆದೆ ಎಂದು ಕೇಳುತ್ತಾನೆ. ತಿರುಗಿ ಹೊಡೆಯುವುದಿಲ್ಲ, ಶಪಿಸುವುದಿಲ್ಲ. ಆದರೆ ಹೊಡೆತವನ್ನು ಹೊಡೆತ ಎಂದು ಕರೆಯುತ್ತಾನೆ, ಹೊಡೆದವನಿಂದ ಕಾರಣ ಕೇಳುತ್ತಾನೆ. ಕಾಲು ತೊಳೆದ ಕೈಯೂ 'ಯಾಕೆ ಹೊಡೆದೆ' ಎಂದ ಬಾಯಿಯೂ ಒಬ್ಬನದೇ. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೆಂಗಸರಿಗೆ ಓದಿ ಹೇಳುವುದು ಅರ್ಧ ಶುಭಸಂದೇಶ.

ಅವಳು ಎರಡು ಸಲ ಓದಿದಳು. ಆ ವಾರವೇ ತಾಯಿಮನೆಗೆ ಹೋದಳು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯಿದೆ ಇದೆಯೆಂದು ತಿಳಿದುಕೊಂಡು ದೂರು ಕೊಟ್ಟಳು, ಹೊಲಿಗೆ ಕಲಿತು ಸ್ವಂತ ಕಾಲ ಮೇಲೆ ನಿಂತಳು. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲವೇನೋ. ಮೂರು ವರ್ಷದ ಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಮಗ ಊರಲ್ಲಿರಲಿಲ್ಲ, ನೋಡುವವರಿರಲಿಲ್ಲ. ಇವಳು ದಿನಾ ಸಂಜೆ ಹೊಲಿಗೆ ಮುಗಿಸಿ ಬಸ್ಸಿನಲ್ಲಿ ಹೋಗಿ ಆ ಮುದುಕಿಯ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ತಾಯಿಮನೆಗೆ ಹಿಂತಿರುಗುತ್ತಿದ್ದಳು. ಕೊನೆಗೂ ಸೋತು ಬಂದಳು ನೋಡಿ ಎಂದು ನೆರೆಹೊರೆಯವರು ಆಡಿಕೊಂಡರು. ಅವಳಿಗೆ ಅದು ತಾಗಲೇ ಇಲ್ಲ. "ಯಾರೂ ಕಳುಹಿಸಲಿಲ್ಲ ಟೀಚರ್, ನಾನೇ ಹೋದದ್ದು" ಎಂದಳು. ಅದೇ ಮನೆ, ಅದೇ ಹೆಂಗಸು. ಮೊದಲು ಅವಳನ್ನು ಬಗ್ಗಿಸಿದ್ದರು, ಈಗ ಅವಳೇ ಬಗ್ಗಿದ್ದಳು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣಬಹುದು. ಒಳಗಿದ್ದವಳಿಗೆ ಎರಡರ ನಡುವೆ ಸೆರೆಮನೆಗೂ ಸ್ವಂತ ಮನೆಗೂ ಇರುವಷ್ಟು ಅಂತರ.

ನಮ್ಮ ಧರ್ಮದ ಚರಿತ್ರೆಯಲ್ಲಿ ಈ ಅಂತರವನ್ನು ಬಲ್ಲ ಹೆಂಗಸರು ಇದ್ದರು. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಆವಿಲಾ ಊರಿನ ತೆರೇಸಾ ತಾನು ಓದುಬರಹ ಬಾರದ ಬಡ ಹೆಂಗಸು ಎಂಬಂತೆ ತನ್ನ ಪುಸ್ತಕಗಳಲ್ಲಿ ಅಲ್ಲಲ್ಲಿ ಬರೆದುಕೊಳ್ಳುತ್ತಾರೆ. ಹೆಂಗಸು ಧ್ಯಾನದ ವಿಷಯ ಬರೆದರೆ ಅನುಮಾನದಿಂದ ನೋಡುತ್ತಿದ್ದ ಕಾಲ. ಹಾಗೆ ಬರೆದುಕೊಂಡವರೇ 1562ರಲ್ಲಿ ಆವಿಲಾದಲ್ಲಿ ಹೊಸ ಕಾರ್ಮೆಲ್ ಮಠ ಕಟ್ಟಿದರು, 1582ರಲ್ಲಿ ತೀರಿಕೊಳ್ಳುವಷ್ಟರಲ್ಲಿ ಎತ್ತಿನ ಬಂಡಿಯಂಥ ವಾಹನಗಳಲ್ಲಿ ಊರೂರು ತಿರುಗಿ ಹದಿನೇಳರಷ್ಟು ಮಠಗಳನ್ನು ನೆಲೆಗೊಳಿಸಿದ್ದರು. ವಿನಯ ಎಂದರೇನು ಎಂದು ವಿಚಾರಿಸುತ್ತ ಅವರು ಅದನ್ನು ಸತ್ಯದ ಜತೆಗೇ ಕಟ್ಟಿಹಾಕಿದರು. ಅಂದರೆ ಇಲ್ಲದ ಗುಣವನ್ನು ಇದೆ ಎನ್ನುವುದು ಹೇಗೆ ಸುಳ್ಳೋ ಇರುವ ಗುಣವನ್ನು ಇಲ್ಲವೆನ್ನುವುದೂ ಹಾಗೆಯೇ ಸುಳ್ಳು. 1970ರಲ್ಲಿ ಧರ್ಮಸಭೆ ಅವರಿಗೆ ಧರ್ಮಪಂಡಿತೆ ಎಂಬ ಪದವಿ ಕೊಟ್ಟಿತು. ಅದುವರೆಗೆ ಹೆಂಗಸರಲ್ಲಿ ಯಾರಿಗೂ ಆ ಪದವಿ ಸಿಕ್ಕಿರಲಿಲ್ಲ.

ಅದೇ ಕಾರ್ಮೆಲ್ ಪರಂಪರೆಯ ಇನ್ನೊಬ್ಬರ ಋಣ ನಮ್ಮ ಮಂಗಳೂರಿನ ಮೇಲಿದೆ. 1870ರ ನವೆಂಬರಿನಲ್ಲಿ ಫ್ರಾನ್ಸಿನಿಂದ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಮೊದಲ ಸಿಸ್ಟರುಗಳು ಮಂಗಳೂರಿಗೆ ಬಂದಿಳಿದು ಹೆಣ್ಣುಮಕ್ಕಳ ಶಿಕ್ಷಣದ ಕೆಲಸಕ್ಕೆ ಕೈಹಾಕಿದರು. 1921ರಲ್ಲಿ ಶುರುವಾದ ಸಂತ ಆಗ್ನೆಸ್ ಕಾಲೇಜೂ ಆ ಸಭೆಯದೇ. ಈ ಸಭೆಯನ್ನು ಸ್ಥಾಪಿಸಿದವರು ಮದರ್ ವೆರೋನಿಕಾ. ಇಂಗ್ಲಿಷ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿ, ಕಥೋಲಿಕ ಧರ್ಮಕ್ಕೆ ಬಂದು, ಕಲ್ಲಿಕೋಟೆಯಲ್ಲಿ ಕೆಲಸ ಮಾಡಿ ಈ ಕಡೆಯ ಹೆಣ್ಣುಮಕ್ಕಳ ಸ್ಥಿತಿಯನ್ನು ಕಂಡವರು. 1868ರಲ್ಲಿ ಫ್ರಾನ್ಸಿನ ಬಯೋನ್ ಎಂಬಲ್ಲಿ ಅವರೇ ಸಿಸ್ಟರುಗಳನ್ನು ತಯಾರು ಮಾಡಿದರು. ಆದರೆ ಹಡಗು ಹತ್ತಿದ ತಂಡದಲ್ಲಿ ಅವರಿರಲಿಲ್ಲ. ಮುಂದೆ ಪೋ ಪಟ್ಟಣದ ಕಾರ್ಮೆಲ್ ಮಠದೊಳಗೆ ಪ್ರಾರ್ಥನೆಯಲ್ಲಿ ಉಳಿದು 1906ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದರು. ತಾನು ಬಿತ್ತಿದ ಗದ್ದೆಯ ಕೊಯ್ಲಿಗೆ ತಾನಿಲ್ಲದಿದ್ದರೂ ನಡೆಯುತ್ತದೆ ಎಂದು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಮನೆ ಕಟ್ಟಿ ಬೆಳೆಸಿ ಸೊಸೆಯ ಕೈಗೆ ಬೀಗದ ಕೈ ಕೊಟ್ಟ ಹೆಂಗಸರಿಗೆ ಗೊತ್ತು. ಹೆಸರು ಹಾಕಿಸಿಕೊಳ್ಳುವ ಹಂಬಲವಿದ್ದವರಿಂದ ಅದು ಆಗದು. ತನ್ನ ಹೆಸರು ದೇವರಿಗೆ ಗೊತ್ತಿದೆ ಎಂಬ ಭರವಸೆ ಇದ್ದವರಿಂದ ಆದೀತು.

ದೊಡ್ಡ ಹುದ್ದೆಯವರ ವಿನಯವನ್ನು ನಂಬುವುದು ನಮಗೆ ಸ್ವಲ್ಪ ಕಷ್ಟ, ಅದಕ್ಕೆ ಕಾರಣವೂ ಇದೆ. 'ದೇವಸೇವಕರ ಸೇವಕ' ಎಂಬ ಮಾತನ್ನು ಮಹಾ ಗ್ರೆಗರಿ ಎಂಬ ಪೋಪ್ ಆರನೆಯ ಶತಮಾನದ ಕೊನೆಯಲ್ಲಿ ತನ್ನ ಬಗ್ಗೆ ಬಳಸಿದರು. ಕಾಲಕ್ರಮದಲ್ಲಿ ಅದೂ ಪೋಪರ ಬಿರುದಾವಳಿಯಲ್ಲಿ ಒಂದು ಬಿರುದಾಗಿ ಸೇರಿಹೋಯಿತು. ತಗ್ಗಿನ ಮಾತಿಗೂ ಸಿಂಹಾಸನ ಸಿಕ್ಕಿಬಿಡುತ್ತದೆ. ಆದ್ದರಿಂದಲೇ ಫ್ರಾನ್ಸಿಸರ ಕೆಲವು ನಡೆಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. 2019ರ ಏಪ್ರಿಲಿನಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಪರಸ್ಪರ ಕಾದಾಡುತ್ತಿದ್ದ ದಕ್ಷಿಣ ಸುಡಾನಿನ ನಾಯಕರ ಮುಂದೆ ಅವರು ಕಷ್ಟಪಟ್ಟು ಬಗ್ಗಿ, ಶಾಂತಿಯನ್ನು ಬೇಡುತ್ತ ಅವರ ಬೂಟುಗಳಿಗೆ ಮುತ್ತಿಟ್ಟರು. ಪೋಪ್ ಹೀಗೆ ಮಾಡಬಹುದೇ ಎಂದು ಕೇಳಿದವರುಂಟು. 2025ರ ಏಪ್ರಿಲ್ 21ರಂದು ತೀರಿಕೊಂಡ ಅವರ ಸಮಾಧಿ ರೋಮಿನ ಸಾಂತಾ ಮರಿಯಾ ಮಜ್ಜೋರೆ ಇಗರ್ಜಿಯಲ್ಲಿದೆ. ಅವರ ಇಚ್ಛೆಯಂತೆ ಅದರ ಮೇಲೆ ಕೆತ್ತಿರುವುದು 'ಫ್ರಾನ್ಸಿಸ್ಕುಸ್' ಎಂಬ ಒಂದು ಹೆಸರು ಮಾತ್ರ. ಪದವಿಯನ್ನು ಬರೆದಿಲ್ಲ, ಎಷ್ಟನೆಯ ಪೋಪ್ ಎಂಬುದನ್ನೂ ಬರೆದಿಲ್ಲ.

ತಪಸ್ಸಿನ ಕಾಲದ ಮೊದಲ ದಿನ, ವಿಭೂತಿ ಬುಧವಾರ, ನಮ್ಮ ಹಣೆಗೆ ಬೂದಿ ಹಚ್ಚಿ ನಾವು ಮಣ್ಣು ಎಂಬುದನ್ನು ನೆನಪಿಸುತ್ತಾರೆ. ಹಿಂದಿನ ವರ್ಷ ಗರಿಗಳ ಭಾನುವಾರ ಮೆರವಣಿಗೆಯಲ್ಲಿ ಹಿಡಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಈ ಮಣ್ಣಿನ ಮಾತನ್ನು ಬಹಳ ಕಾಲ ನಾನು ಹೆದರಿಕೆಯ ಮಾತು ಎಂದೇ ಕೇಳಿಸಿಕೊಳ್ಳುತ್ತಿದ್ದೆ. ಈಗ ಹಾಗೆ ಕೇಳಿಸುವುದಿಲ್ಲ. ಲ್ಯಾಟಿನ್ ಭಾಷೆಯಲ್ಲಿ ವಿನಯಕ್ಕಿರುವ ಪದ 'ಹ್ಯೂಮಸ್' ಎಂಬುದರಿಂದ ಬಂತಂತೆ. ಹ್ಯೂಮಸ್ ಎಂದರೆ ಮಣ್ಣು. ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಅದೇ ಪದವನ್ನು ಎಲೆ ಗೊಬ್ಬರ ಕೊಳೆತು ಕಪ್ಪಾದ ಫಲವತ್ತಾದ ಮಣ್ಣಿಗೆ ಹೇಳಿಕೊಡುತ್ತಾರೆ. ಆದಾಮ ಎಂಬ ಹೆಸರಿಗೂ ಹೀಬ್ರೂ ಭಾಷೆಯಲ್ಲಿ ಮಣ್ಣಿನ ನಂಟು. ದೇವರು ಕೈಯಾರೆ ಹದಮಾಡಿ ಉಸಿರೂದಿದ ಮಣ್ಣು ನಾವು. ಮಣ್ಣು ಎಂದರೆ ಏನೂ ಅಲ್ಲದ್ದು ಎಂದು ಯಾವ ಬೇಸಾಯಗಾರನೂ ಹೇಳಲಾರ.

ಆದ್ದರಿಂದ ಮಗಳಿಗೆ ತಗ್ಗಿ ನಡೆ ಎಂದು ಹೇಳುವುದನ್ನು ಬಿಟ್ಟುಬಿಡೋಣ ಎಂದು ನಾನು ಹೇಳುವುದಿಲ್ಲ. ತಗ್ಗಲು ಬಾರದವರಿಂದ ಮನೆಯೂ ನಡೆಯದು, ಊರೂ ನಡೆಯದು. ಆದರೆ ಅದಕ್ಕೆ ಮುಂಚೆ ಅವಳು ಯಾರ ಮಗಳು ಎಂಬುದನ್ನು ಅವಳಿಗೆ ಗಟ್ಟಿಯಾಗಿ ಹೇಳಿಕೊಡಬೇಕು. ಮಗನಿಗೂ ಅಷ್ಟೇ, ಚೆಂಬು ಹಿಡಿದು ನಿಲ್ಲುವುದನ್ನು ಅವನಿಗೂ ಕಲಿಸಬೇಕು. ದಿನವಿಡೀ ದುಡಿದು ಬಂದ ನಮಗೆ ಯಾರಾದರೂ, ಕುಳಿತುಕೊಳ್ಳಿ, ಒಂದು ಲೋಟ ನೀರು ತರುತ್ತೇನೆ ಎಂದಾಗ, ಬೇಡ ಬೇಡ, ನಾನೇ ತೆಗೆದುಕೊಳ್ಳುತ್ತೇನೆ ಎಂದು ಎದ್ದು ಓಡದೆ ಕುಳಿತುಕೊಳ್ಳುವುದನ್ನು ನಾವೂ ಸ್ವಲ್ಪ ಅಭ್ಯಾಸ ಮಾಡಿಕೊಳ್ಳಬೇಕು.